ರೈಲ್ವೆ ಫಿಟ್ಟರ್ ಜೋ ಕೇಹಿಲ್ ಪ್ರೀಮಿಯರ್ ಆದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿ ಒಪೆರಾ ಹೌಸ್ ಅಂದ ತಕ್ಷಣ ಎಲ್ಲರೂ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಹೆಸರು ಹೇಳುತ್ತಾರೆ. ಅದನ್ನು ಕಟ್ಟಿಸಲೇಬೇಕು ಎಂದು ಹಟ ಹಿಡಿದು ನಿಂತವರು ಯಾರು ಎಂದು ಕೇಳುವವರು ಕಡಿಮೆ. ಅವರು ರೈಲ್ವೆ ಕಾರ್ಖಾನೆಯಲ್ಲಿ ಕೈ ಮಸಿ ಮಾಡಿಕೊಂಡು ದುಡಿದ ಫಿಟ್ಟರ್. ಮುಷ್ಕರ ಮಾಡಿದ್ದಕ್ಕೆ ಕೆಲಸ ಕಳೆದುಕೊಂಡವರು. ಅವರ ಬಗ್ಗೆ ಕನ್ನಡದಲ್ಲಿ ಒಂದು ಕಡೆ ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಜೋ ಕೇಹಿಲ್ ಯಾರು? ಚುಟುಕಾಗಿ ಹೇಳಿ.

ಪೂರ್ತಿ ಹೆಸರು ಜಾನ್ ಜೋಸೆಫ್ ಕೇಹಿಲ್. ಎಲ್ಲರೂ ಕರೆಯುತ್ತಿದ್ದದ್ದು ಜೋ ಅಂತ. ಹುಟ್ಟಿದ್ದು 1891ರ ಜನವರಿ 21ರಂದು, ಸಿಡ್ನಿಯ ರೆಡ್‌ಫರ್ನ್‌ನಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬ. 1952ರ ಏಪ್ರಿಲ್‌ನಿಂದ 1959ರ ಅಕ್ಟೋಬರ್‌ವರೆಗೆ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ ಆಗಿದ್ದರು. ಅಧಿಕಾರದಲ್ಲಿ ಇರುವಾಗಲೇ ತೀರಿಕೊಂಡರು.

ಪ್ರೀಮಿಯರ್ ಅಂದರೆ ಪ್ರಧಾನಿಯಾ?

ಅಲ್ಲ. ಆಸ್ಟ್ರೇಲಿಯಾದಲ್ಲಿ ಆರು ರಾಜ್ಯಗಳಿವೆ. ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ ಅಲ್ಲಿ ಒಂದೊಂದು ರಾಜ್ಯಕ್ಕೂ ಒಬ್ಬ ಪ್ರೀಮಿಯರ್. ನ್ಯೂ ಸೌತ್ ವೇಲ್ಸ್‌ನಲ್ಲಿ ಕರ್ನಾಟಕದ ಹಾಗೆಯೇ ಎರಡು ಸದನಗಳಿವೆ. ಕೇಹಿಲ್ ಇದ್ದದ್ದು ಕೆಳಮನೆಯಲ್ಲಿ, ಅಂದರೆ ನಮ್ಮ ವಿಧಾನಸಭೆಯಂಥದ್ದರಲ್ಲಿ. ಶಾಲೆ, ಆಸ್ಪತ್ರೆ, ರೈಲು, ರಸ್ತೆ, ಪೊಲೀಸ್ ಎಲ್ಲ ಅಲ್ಲಿ ರಾಜ್ಯದ ಜವಾಬ್ದಾರಿ. ಹಾಗಾಗಿ ಜನರ ದಿನನಿತ್ಯದ ಬದುಕಿಗೆ ದೇಶದ ರಾಜಧಾನಿ ಕ್ಯಾನ್‌ಬೆರಾಗಿಂತ ರಾಜ್ಯ ಸರ್ಕಾರವೇ ಹತ್ತಿರ.

ಅವರು ಮಾಡುತ್ತಿದ್ದ ಕೆಲಸ ಯಾವುದು?

ಫಿಟ್ಟರ್. ನಮ್ಮಲ್ಲಿ ಐಟಿಐಗೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಡಿಭಾಗಗಳನ್ನು ಅಳತೆ ಮಾಡುವುದು, ಅರ ಹಾಕಿ ಉಜ್ಜುವುದು, ಒಂದಕ್ಕೊಂದು ಸರಿಯಾಗಿ ಕೂರುವ ಹಾಗೆ ಜೋಡಿಸುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇಂಜಿನ್ ಓಡುವುದಿಲ್ಲ.

ಕೇಹಿಲ್ 1907ರಲ್ಲಿ ಹದಿನಾರರ ಹುಡುಗನಾಗಿ ಈವ್‌ಲಿ ರೈಲ್ವೆ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದರು. ಈವ್‌ಲಿ ಇರುವುದು ಅವರು ಹುಟ್ಟಿದ ರೆಡ್‌ಫರ್ನ್ ಪಕ್ಕದಲ್ಲೇ. 1880ರ ದಶಕದಲ್ಲಿ ಶುರುವಾದ ಈ ಕಾರ್ಖಾನೆ ಆ ಕಾಲಕ್ಕೆ ದೇಶದ ಅತಿ ದೊಡ್ಡ ಕೈಗಾರಿಕೆಗಳಲ್ಲಿ ಒಂದು. ಸಾವಿರಾರು ಜನ ಕೆಲಸ ಮಾಡುತ್ತಿದ್ದರು. ಸುತ್ತಮುತ್ತಲ ಬೀದಿಗಳ ಬದುಕೆಲ್ಲ ಆ ಕಾರ್ಖಾನೆಯ ಸಂಬಳದ ಮೇಲೆ ನಡೆಯುತ್ತಿತ್ತು. ಅಲ್ಲಿ ಕೆಲಸ ಕಲಿಯುವುದು ಎಂದರೆ ಯೂನಿಯನ್ನನ್ನೂ ಕಲಿಯುವುದೇ. ಕೇಹಿಲ್ ಇಂಜಿನಿಯರಿಂಗ್ ಕೆಲಸಗಾರರ ಸಂಘ ಸೇರಿದರು. ಲೇಬರ್ ಪಕ್ಷದಲ್ಲೂ ಓಡಾಡತೊಡಗಿದರು.

1917ರ ಮುಷ್ಕರದಲ್ಲಿ ನಡೆದದ್ದೇನು?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೇಹಿಲ್ ಮುಂದೆ ಏನಾದರು ಅನ್ನುವುದರ ಬೇರು ಇಲ್ಲಿದೆ.

ಮೊದಲ ಮಹಾಯುದ್ಧದ ಸಮಯ. ಬೆಲೆ ಏರಿತ್ತು, ಸಂಬಳ ಏರಿರಲಿಲ್ಲ. ಹಾಗಿರುವಾಗ 1917ರ ಜುಲೈನಲ್ಲಿ ರೈಲ್ವೆ ಆಡಳಿತ ಹೊಸ ಕಾರ್ಡ್ ಪದ್ಧತಿ ತಂದಿತು. ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡ್. ಯಾರು, ಯಾವ ಕೆಲಸ, ಎಷ್ಟು ಹೊತ್ತಿಗೆ ಶುರು ಮಾಡಿದರು, ಎಷ್ಟು ಹೊತ್ತಿಗೆ ಮುಗಿಸಿದರು ಎಲ್ಲ ಅದರಲ್ಲಿ. ಬರೆಯುವುದು ಮೇಲ್ವಿಚಾರಕ. ತನ್ನ ಬಗ್ಗೆ ಏನು ಬರೆದಿದೆ ಎಂದು ನೋಡಿ ಸರಿಪಡಿಸುವ ದಾರಿ ಕೆಲಸಗಾರನಿಗೆ ಇರಲಿಲ್ಲ. ವರ್ಷಗಟ್ಟಲೆ ಪಳಗಿ ಕಲಿತ ಕಸುಬನ್ನು ನಿಮಿಷಗಳಲ್ಲಿ ಅಳೆಯುತ್ತಾರೆ ಅನ್ನುವುದು ಒಂದು ಸಿಟ್ಟು. ನಿಧಾನ ಮಾಡುವವರನ್ನು ಹೆಕ್ಕಿ ತೆಗೆಯುತ್ತಾರೆ ಅನ್ನುವುದು ಇನ್ನೊಂದು ಹೆದರಿಕೆ.

ಆಗಸ್ಟ್ 2ರಂದು ಈವ್‌ಲಿಯ ರೈಲ್ವೆ ಕಾರ್ಖಾನೆ ಮತ್ತು ರ‍್ಯಾಂಡ್‌ವಿಕ್‌ನ ಟ್ರಾಮ್ ಕಾರ್ಖಾನೆಯ ಕೆಲಸಗಾರರು ಉಪಕರಣ ಕೆಳಗಿಟ್ಟು ಹೊರಗೆ ಬಂದರು. ಅದು ಗಣಿ, ಬಂದರು, ಹಡಗು ಎಂದು ಹಬ್ಬಿತು. ಸುಮಾರು ಒಂದು ಲಕ್ಷ ಜನ ಮುಷ್ಕರಕ್ಕೆ ಇಳಿದರು. ಸರ್ಕಾರ ಬಗ್ಗಲಿಲ್ಲ. ಹಳ್ಳಿಗಾಡಿನಿಂದ ಬದಲಿ ಕೆಲಸಗಾರರನ್ನು ಕರೆಸಿ, ಸಿಡ್ನಿ ಕ್ರಿಕೆಟ್ ಮೈದಾನದಲ್ಲೂ ಟರೊಂಗಾ ಮೃಗಾಲಯದಲ್ಲೂ ಡೇರೆ ಹಾಕಿಸಿತು. ಸೆಪ್ಟೆಂಬರ್‌ನಲ್ಲಿ ರೈಲ್ವೆ ನೌಕರರು ಸೋತು ಹಿಂತಿರುಗಬೇಕಾಯಿತು.

ಆದರೆ ಎಲ್ಲರನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಮುಂದೆ ನಿಂತವರಲ್ಲಿ ಒಬ್ಬರಾಗಿದ್ದ ಕೇಹಿಲ್ ಕೆಲಸ ಹೋಯಿತು. ರೈಲ್ವೆಯ ಬಾಗಿಲು ಅವರಿಗೆ ಹಲವು ವರ್ಷ ಮುಚ್ಚಿಯೇ ಇತ್ತು. ಇದೇ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಮತ್ತೆ ಕೆಳಗಿನ ದರ್ಜೆಗೆ ಸೇರಬೇಕಾದ ಇಂಜಿನ್ ಡ್ರೈವರ್ ಒಬ್ಬರಿದ್ದರು. ಅವರು ಬೆನ್ ಚಿಫ್ಲಿ, 1945ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯಾದವರು. ಸೋತ ಆ ಮುಷ್ಕರ ದೇಶಕ್ಕೆ ಒಬ್ಬ ಪ್ರಧಾನಿಯನ್ನೂ ರಾಜ್ಯಕ್ಕೆ ಒಬ್ಬ ಪ್ರೀಮಿಯರನ್ನೂ ಕೊಟ್ಟಿತು.

ಕೆಲಸ ಹೋದ ಫಿಟ್ಟರ್ ಒಬ್ಬ ಶಾಸಕನಾಗುವುದು ಅಷ್ಟು ಸುಲಭವಾ?

ಸುಲಭ ಅಲ್ಲ. ಆದರೆ ದಾರಿ ಇತ್ತು, ಆ ದಾರಿಯನ್ನು ಹಿಂದಿನವರು ಬೆವರು ಸುರಿಸಿ ಮಾಡಿಟ್ಟಿದ್ದರು.

ಮೊದಲನೆಯದು ಸಂಬಳ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಳಮನೆಯ ಸದಸ್ಯರಿಗೆ 1889ರಿಂದ ಸಂಬಳ ಬರುತ್ತಿತ್ತು. ಅದಕ್ಕೂ ಮುಂಚೆ ಸ್ವಂತ ಆಸ್ತಿ ಇದ್ದವರಷ್ಟೇ ರಾಜಕೀಯ ಮಾಡಬಹುದಿತ್ತು. ದಿನಗೂಲಿಯವನು ಸದನದಲ್ಲಿ ಕೂತರೆ ಮನೆಯ ಒಲೆ ಉರಿಯಬೇಕಲ್ವಾ? ಸಂಬಳ ಬಂದ ಎರಡೇ ವರ್ಷಕ್ಕೆ, 1891ರಲ್ಲಿ, ಲೇಬರ್ ಪಕ್ಷ ಮೊದಲ ಚುನಾವಣೆಯಲ್ಲೇ 35 ಸ್ಥಾನ ಗೆದ್ದಿತು.

ಎರಡನೆಯದು ಯೂನಿಯನ್. ಸಭೆಯಲ್ಲಿ ಎದ್ದು ಮಾತಾಡುವುದು, ನಡಾವಳಿ ಬರೆಯುವುದು, ಮಾಲೀಕರ ಜೊತೆ ಚೌಕಾಸಿ ಮಾಡುವುದು, ಸೋತಾಗ ಜನರನ್ನು ಒಟ್ಟಿಗೆ ಹಿಡಿದಿಡುವುದು, ಇಷ್ಟನ್ನೂ ಅಲ್ಲೇ ಕಲಿಯುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತದವರಿಗೆ ಅದೇ ಕಾಲೇಜು. ಆಮೇಲೆ ಲೇಬರ್ ಪಕ್ಷದ ಸ್ಥಳೀಯ ಶಾಖೆ. ಅಲ್ಲಿನ ಸದಸ್ಯರ ಬೆಂಬಲ ಸಿಕ್ಕರೆ ಟಿಕೆಟ್.

ಕೇಹಿಲ್ 1917ರಲ್ಲೇ ಡಲ್ವಿಚ್ ಹಿಲ್ ಕ್ಷೇತ್ರದಲ್ಲಿ ನಿಂತು ಸೋತಿದ್ದರು. 1925ರಲ್ಲಿ ಸೇಂಟ್ ಜಾರ್ಜ್ ಕ್ಷೇತ್ರದಿಂದ ಗೆದ್ದು ಸದನಕ್ಕೆ ಬಂದರು. ಆಗ ವಯಸ್ಸು 34.

ಆಮೇಲೆ ಏಳುಬೀಳು ಇಲ್ಲದೆ ಮೇಲೇರಿದರಾ?

ಎಲ್ಲಿ ಬಂತು! 1927ರಲ್ಲಿ ಆರ್ನ್‌ಕ್ಲಿಫ್‌ಗೆ ಬದಲಾದರು. 1932ರ ಮೇ ತಿಂಗಳಲ್ಲಿ ಗವರ್ನರ್ ಫಿಲಿಪ್ ಗೇಮ್ ಅವರು ಲೇಬರ್ ಪ್ರೀಮಿಯರ್ ಜ್ಯಾಕ್ ಲ್ಯಾಂಗ್ ಸರ್ಕಾರವನ್ನೇ ವಜಾ ಮಾಡಿದರು. ನಂತರದ ಚುನಾವಣೆಯಲ್ಲಿ ಲೇಬರ್ ಮಣ್ಣು ಮುಕ್ಕಿತು, ಕೇಹಿಲ್ ಕೂಡ ಸೋತರು. ಜಗತ್ತೇ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ. ಮೂರು ವರ್ಷ ಹೊರಗೇ ಇದ್ದು, 1935ರಲ್ಲಿ ಅದೇ ಆರ್ನ್‌ಕ್ಲಿಫ್ ಗೆದ್ದು ವಾಪಸ್ ಬಂದರು. 1941ರಿಂದ ಕೊನೆಯವರೆಗೂ ಕುಕ್ಸ್ ರಿವರ್ ಕ್ಷೇತ್ರ.

ಮಂತ್ರಿಯಾಗಿ ಏನು ಮಾಡಿದರು?

1941ರಲ್ಲಿ ವಿಲಿಯಂ ಮೆಕೆಲ್ ಸರ್ಕಾರದಲ್ಲಿ ಲೋಕೋಪಯೋಗಿ ಖಾತೆ ಸಿಕ್ಕಿತು. ಆಮೇಲೆ ಸ್ಥಳೀಯ ಆಡಳಿತ ಖಾತೆ. ಒಳ್ಳೆಯ ಕೆಲಸ ಆದದ್ದು ಇದರಲ್ಲಿ. ಸಿಡ್ನಿ ಎಲ್ಲೆಂದರಲ್ಲಿ ಬೆಳೆಯುತ್ತಿತ್ತು. ಇಡೀ ಮಹಾನಗರಕ್ಕೆ ಒಂದು ಯೋಜನೆ ಬೇಕೆಂದು 1945ರಲ್ಲಿ ಕಾನೂನು ತಂದು ಕಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಮಾಡಿದರು. ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಹಸಿರು ಪಟ್ಟಿ ಎಂದು ಗುರುತಿಸಿದ ಆ ಯೋಜನೆ 1951ರಲ್ಲಿ ಜಾರಿಗೆ ಬಂತು. ಮನೆಗಳ ಒತ್ತಡಕ್ಕೆ ಹಸಿರು ಪಟ್ಟಿ ಮುಂದೆ ಕರಗಿತು, ಅದು ಬೇರೆ ಮಾತು.

ಸಣ್ಣ ಸಣ್ಣ ಪುರಸಭೆಗಳನ್ನೂ ಅವರು ಒಟ್ಟು ಮಾಡಿದರು. 1949ರ ಜನವರಿಯಿಂದ ಎಂಟು ಪುರಸಭೆಗಳು ಸಿಡ್ನಿ ನಗರದೊಳಗೆ ಸೇರಿಹೋದವು. ಅವುಗಳಲ್ಲಿ ಅವರ ಹುಟ್ಟೂರು ರೆಡ್‌ಫರ್ನ್ ಕೂಡ ಒಂದು. ನಮ್ಮೂರು ಅಂತ ಅದನ್ನು ಹೊರಗಿಡಲಿಲ್ಲ ನೋಡಿ.

ಪ್ರೀಮಿಯರ್ ಆದದ್ದು ಯಾವಾಗ? ಎಷ್ಟು ಚುನಾವಣೆ ಗೆದ್ದರು?

1952ರ ಏಪ್ರಿಲ್ 2ರಂದು, ಆಗಿನ ಪ್ರೀಮಿಯರ್ ಜೇಮ್ಸ್ ಮೆಕ್‌ಗರ್ ರಾಜೀನಾಮೆ ಕೊಟ್ಟ ಮೇಲೆ. ಆಗ ಕೇಹಿಲ್‌ಗೆ 61 ವರ್ಷ. ಸರ್ಕಾರ ಸುಸ್ತಾಗಿತ್ತು. ಮುಂದಿನ ಚುನಾವಣೆಯಲ್ಲಿ ಲೇಬರ್ ಸೋಲುತ್ತದೆ ಎಂಬ ಮಾತಿತ್ತು. ಹತ್ತೇ ತಿಂಗಳಲ್ಲಿ, 1953ರ ಫೆಬ್ರುವರಿಯಲ್ಲಿ, 94 ಸ್ಥಾನಗಳಲ್ಲಿ 57 ಗೆದ್ದರು. 1956ರಲ್ಲೂ 1959ರಲ್ಲೂ ಮತ್ತೆ ಗೆದ್ದರು, ಅಂತರ ಮಾತ್ರ ಕಡಿಮೆಯಾಗುತ್ತ ಬಂತು.

1954ರ ಫೆಬ್ರುವರಿಯಲ್ಲಿ ರಾಣಿ ಎಲಿಜಬೆತ್ ಸಿಡ್ನಿಗೆ ಬಂದು ರಾಜ್ಯದ ಸಂಸತ್ತನ್ನು ಉದ್ಘಾಟಿಸಿದರು. ಆಗ ಸರ್ಕಾರದ ಪರವಾಗಿ ಅವರನ್ನು ಬರಮಾಡಿಕೊಂಡ ಪ್ರೀಮಿಯರ್, 1917ರಲ್ಲಿ ಇದೇ ರಾಜ್ಯದ ರೈಲ್ವೆ ಕೆಲಸದಿಂದ ತೆಗೆದುಹಾಕಿದ್ದ ಮನುಷ್ಯ.

1955ರಲ್ಲಿ ಲೇಬರ್ ಪಕ್ಷ ಒಡೆಯಿತಲ್ಲ, ಇವರು ಉಳಿದದ್ದು ಹೇಗೆ?

ನನ್ನ ಪ್ರಕಾರ ಕೇಹಿಲ್ ಮಾಡಿದ ಅತಿ ಕಷ್ಟದ ಕೆಲಸ ಇದು. ಹೊರಗೆ ಕಾಣದ ಕೆಲಸ ಆದ್ದರಿಂದ ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಯೂನಿಯನ್ನುಗಳಲ್ಲಿ ಕಮ್ಯುನಿಸ್ಟರ ಪ್ರಭಾವದ ವಿಚಾರವಾಗಿ ಪಕ್ಷದೊಳಗೆ ಜಗಳ ಹತ್ತಿತ್ತು. ಒಂದು ಕಡೆ ಹೆಚ್ಚಾಗಿ ಕ್ಯಾಥೊಲಿಕರೇ ಇದ್ದ ಕಮ್ಯುನಿಸ್ಟ್ ವಿರೋಧಿ ಗುಂಪು, ಇನ್ನೊಂದು ಕಡೆ ರಾಷ್ಟ್ರೀಯ ನಾಯಕ ಎಚ್. ವಿ. ಎವಟ್ ಮತ್ತು ಅವರ ಬೆಂಬಲಿಗರು. ವಿಕ್ಟೋರಿಯಾದಲ್ಲಿ ಪಕ್ಷ ಇಬ್ಭಾಗವಾಗಿ 1955ರಲ್ಲಿ ಜಾನ್ ಕೇನ್ ಸರ್ಕಾರ ಬಿತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ 1957ರಲ್ಲಿ ಪ್ರೀಮಿಯರ್ ವಿನ್ಸ್ ಗೇರ್ ಅವರನ್ನೇ ಪಕ್ಷದಿಂದ ಹೊರಹಾಕಿದರು, ಅಲ್ಲೂ ಸರ್ಕಾರ ಹೋಯಿತು. ನ್ಯೂ ಸೌತ್ ವೇಲ್ಸ್ ಮಾತ್ರ ಉಳಿಯಿತು.

ಕೇಹಿಲ್ ಸ್ವತಃ ಶ್ರದ್ಧಾವಂತ ಕ್ಯಾಥೊಲಿಕ್. ಸಿಡ್ನಿಯ ಕಾರ್ಡಿನಲ್ ಗಿಲ್ರಾಯ್ ಕೂಡ ಮೆಲ್ಬರ್ನ್‌ನ ಧರ್ಮಗುರುಗಳ ಹಾಗೆ ಜಗಳಕ್ಕೆ ತುಪ್ಪ ಸುರಿಯಲಿಲ್ಲ, ಪಕ್ಷದೊಳಗೇ ಇರಿ ಎಂಬ ನಿಲುವು ಅಲ್ಲಿಯದು. ಕೇಹಿಲ್ ಎರಡೂ ಕಡೆಯವರ ಮಾತು ಕೇಳಿದರು, ಯಾರನ್ನೂ ಮೂಲೆಗೆ ತಳ್ಳಲಿಲ್ಲ. ಅಬ್ಬರದ ಭಾಷಣಕಾರರಲ್ಲ ಅವರು. ಕೂತು, ತಾಳ್ಮೆಯಿಂದ, ಒಬ್ಬೊಬ್ಬರನ್ನೇ ಒಪ್ಪಿಸುವ ಜಾಯಮಾನ. ಉಜ್ಜಿ ಉಜ್ಜಿ ಕೂರಿಸುವ ಫಿಟ್ಟರ್ ಕೆಲಸದ ಹಾಗೆಯೇ ಅವರ ರಾಜಕೀಯವೂ ಇತ್ತು. ಅವರು ಉಳಿಸಿದ ಲೇಬರ್ ಸರ್ಕಾರ, 1941ರಿಂದ ಲೆಕ್ಕ ಹಾಕಿದರೆ, 1965ರವರೆಗೆ 24 ವರ್ಷ ನಡೆಯಿತು.

ಅವರ ಕಾಲದಲ್ಲಿ ಬಂದ ಮುಖ್ಯ ಕಾನೂನುಗಳು ಯಾವುವು?

1955ರಲ್ಲಿ ಕೊಲೆಗೆ ಮರಣದಂಡನೆ ರದ್ದಾಯಿತು. ಬ್ರಿಟನ್ನಿಗಿಂತ ಹತ್ತು ವರ್ಷ ಮೊದಲು.

1958ರಲ್ಲಿ ಸಮಾನ ವೇತನದ ಕಾನೂನು ಬಂತು. ಗಂಡಸರು ಮಾಡುವ ಕೆಲಸವನ್ನೇ ಮಾಡುವ ಹೆಂಗಸರಿಗೆ ಹಂತಹಂತವಾಗಿ ಏರಿಸಿ 1963ರ ಹೊತ್ತಿಗೆ ಸಮ ಸಂಬಳ. ಶಿಕ್ಷಕಿಯರಿಗೆ ಇದರಿಂದ ಅನುಕೂಲವಾಯಿತು. ಹೆಂಗಸರೇ ಹೆಚ್ಚಾಗಿ ಮಾಡುವ ಕೆಲಸಗಳಿಗೆ ಇದು ಅನ್ವಯಿಸಲಿಲ್ಲ, ಅದು ದೊಡ್ಡ ಕೊರತೆಯೇ. ಆದರೂ ಇಂಥ ಕಾನೂನು ತಂದ ಮೊದಲ ಆಸ್ಟ್ರೇಲಿಯನ್ ರಾಜ್ಯ ಇದು.

ಇನ್ನೊಂದು, ಬಾರ್‌ಗಳ ಸಮಯ. 1916ರಿಂದ ಸಂಜೆ ಆರಕ್ಕೆ ಬಾಗಿಲು ಹಾಕಬೇಕಿತ್ತು. ಐದಕ್ಕೆ ಕೆಲಸ ಬಿಟ್ಟವರು ಆರರೊಳಗೆ ಗಟಗಟ ಕುಡಿದು ತೂರಾಡುತ್ತ ಮನೆಗೆ ಹೋಗುವುದು ರೂಢಿಯಾಗಿತ್ತು. 1954ರ ನವೆಂಬರ್‌ನಲ್ಲಿ ಜನಮತ ಕೇಳಿದರು. ತೀರಾ ಕಡಿಮೆ ಅಂತರದಲ್ಲಿ ಒಪ್ಪಿಗೆ ಸಿಕ್ಕಿ, ಮರುವರ್ಷದ ಫೆಬ್ರುವರಿಯಿಂದ ಸಮಯ ರಾತ್ರಿ ಹತ್ತಾಯಿತು.

1956ರಲ್ಲಿ ಕ್ಲಬ್ಬುಗಳಲ್ಲಿ ಪೋಕರ್ ಯಂತ್ರಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಜೂಜಿನ ಯಂತ್ರಗಳಿಗೆ, ಕಾನೂನಿನ ಒಪ್ಪಿಗೆ ಕೊಟ್ಟದ್ದೂ ಇದೇ ಸರ್ಕಾರ. ಅದರಿಂದ ಎಷ್ಟೋ ಸಂಸಾರಗಳು ಹಾಳಾಗಿವೆ. ಕೇಹಿಲ್ ಬಗ್ಗೆ ಎಷ್ಟೇ ಗೌರವ ಇದ್ದರೂ ಇದನ್ನು ಒಳ್ಳೆಯ ನಿರ್ಧಾರ ಅನ್ನಲು ನನಗೆ ಆಗುವುದಿಲ್ಲ.

ಒಬ್ಬ ಫಿಟ್ಟರ್‌ಗೆ ಒಪೆರಾ ಹೌಸ್ ಯಾಕೆ ಬೇಕಿತ್ತು?

ಈ ಪ್ರಶ್ನೆಯನ್ನು ಅವರ ಪಕ್ಷದವರೇ ಕೇಳಿದ್ದರು. ಮನೆ ಇಲ್ಲದವರಿದ್ದಾರೆ, ಶಾಲೆ ಆಸ್ಪತ್ರೆ ಸಾಲದು, ಇಂಥ ಹೊತ್ತಿನಲ್ಲಿ ಶ್ರೀಮಂತರ ಸಂಗೀತಕ್ಕೆ ಅರಮನೆಯಾ ಅಂತ.

ಮೊದಲು ಇದರ ಆಸೆ ಹಚ್ಚಿದವರು ಯೂಜಿನ್ ಗೂಸೆನ್ಸ್. ಸಿಡ್ನಿ ಸಿಂಫನಿ ವಾದ್ಯವೃಂದವನ್ನು ವೇದಿಕೆಯ ಮೇಲೆ ನಡೆಸುತ್ತಿದ್ದ ಸಂಗೀತ ನಿರ್ದೇಶಕರು (ಕಂಡಕ್ಟರ್). ಸಿಡ್ನಿಯಲ್ಲಿ ಆಗ ಕಛೇರಿಗೆ ಟೌನ್ ಹಾಲ್ ಬಿಟ್ಟರೆ ದೊಡ್ಡ ಜಾಗ ಇರಲಿಲ್ಲ. ಬಂದರಿನ ಅಂಚಿನಲ್ಲಿರುವ ಬೆನೆಲಾಂಗ್ ಪಾಯಿಂಟ್ ಮೇಲೆ ಗೂಸೆನ್ಸ್ ಕಣ್ಣಿಟ್ಟಿದ್ದರು. ಅಲ್ಲಿ ಆಗ ಇದ್ದದ್ದು ಟ್ರಾಮ್ ಡಿಪೋ.

1954ರ ನವೆಂಬರ್ 30ರಂದು ಕೇಹಿಲ್ ಸಭೆ ಕರೆದರು. ಒಳ್ಳೆಯ ಕಲೆ ಜನರ ಬದುಕನ್ನು ಚೆಂದ ಮಾಡುತ್ತದೆ, ಕಟ್ಟುವುದಾದರೆ ಕಳಪೆ ಕಟ್ಟಡ ಬೇಡ, ನೂರಾರು ವರ್ಷ ರಾಜ್ಯಕ್ಕೆ ಹೆಸರು ತರುವಂಥದ್ದು ಕಟ್ಟೋಣ ಎಂಬುದು ಅಲ್ಲಿ ಅವರ ಮಾತಿನ ಸಾರ. ಕಲೆ ಕೆಲಸಗಾರನಿಗೂ ಸೇರಿದ್ದು, ಅವನಿಗೂ ಅತ್ಯುತ್ತಮವಾದದ್ದೇ ಸಿಗಬೇಕು ಎಂದು ನಂಬಿದ್ದ ಮನುಷ್ಯ. ರೆಡ್‌ಫರ್ನ್ ಬೀದಿಯಲ್ಲಿ ಬೆಳೆದ ಹುಡುಗನಿಗೆ ಸಂಗೀತ ಸಭಾಂಗಣ ಎಂದರೆ ಪರರ ಸ್ವತ್ತು. ಆ ಗೆರೆ ಅಳಿಸಬೇಕು ಅಂತ ಅವರಿಗೆ ನಿಜವಾಗಿಯೂ ಅನ್ನಿಸಿತ್ತು.

ಅಂತಾರಾಷ್ಟ್ರೀಯ ಸ್ಪರ್ಧೆ ನಡೆಯಿತು. ಇನ್ನೂರಕ್ಕೂ ಹೆಚ್ಚು ವಿನ್ಯಾಸಗಳು ಬಂದವು. 1957ರ ಜನವರಿ 29ರಂದು ಗೆದ್ದವರ ಹೆಸರನ್ನು ಕೇಹಿಲ್ ತಾವೇ ಓದಿದರು: ಡೆನ್ಮಾರ್ಕ್‌ನ ಯೋರ್ನ್ ಉಟ್ಸನ್, ವಯಸ್ಸು 38.

ದುಡ್ಡು ಎಲ್ಲಿಂದ ಬಂತು?

ಲಾಟರಿಯಿಂದ. ತೆರಿಗೆ ಹಣ ಮುಟ್ಟಿದರೆ ಪಕ್ಷದೊಳಗೇ ಗಲಾಟೆ ಖಂಡಿತ ಎಂದು ಕೇಹಿಲ್‌ಗೆ ಗೊತ್ತಿತ್ತು. ಸಾರ್ವಜನಿಕ ದೇಣಿಗೆ ಸಾಲುವಷ್ಟು ಬರಲಿಲ್ಲ. 1957ರ ಕೊನೆಯಲ್ಲಿ ಒಪೆರಾ ಹೌಸ್ ಲಾಟರಿ ಶುರುವಾಯಿತು, ಟಿಕೆಟಿಗೆ ಐದು ಪೌಂಡ್. ಮೊದಲ ಅಂದಾಜು 35 ಲಕ್ಷ ಪೌಂಡ್, ಅಂದರೆ ಆಮೇಲಿನ ಲೆಕ್ಕದಲ್ಲಿ 70 ಲಕ್ಷ ಡಾಲರ್. ಕೊನೆಗೆ ತಗುಲಿದ್ದು 10.2 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಲಾಟರಿಯೇ ಕೊಟ್ಟಿತು. 1975ರ ಹೊತ್ತಿಗೆ ಸಾಲ ತೀರಿತು.

ನಕ್ಷೆ ಮುಗಿಯುವ ಮುಂಚೆಯೇ ಕೆಲಸ ಶುರು ಮಾಡಿದ್ದು ತಪ್ಪಲ್ವಾ?

ಇಂಜಿನಿಯರಿಂಗ್ ದೃಷ್ಟಿಯಿಂದ ತಪ್ಪು. ಚಿಪ್ಪಿನಾಕಾರದ ಆ ಚಾವಣಿಗಳನ್ನು ಹೇಗೆ ನಿಲ್ಲಿಸುವುದು ಎಂದು 1959ರಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೂ ಮಾರ್ಚ್ 2ರಂದು ಕೆಲಸ ಶುರು ಮಾಡಿಸಿಯೇ ಬಿಟ್ಟರು. ಚುನಾವಣೆ ಇದ್ದದ್ದು ಮಾರ್ಚ್ 21ಕ್ಕೆ. ಅವಸರದ ಫಲವಾಗಿ, ಆಗ ಹಾಕಿದ ಅಡಿಪಾಯದ ಕಂಬಗಳು ಚಾವಣಿಯ ಭಾರ ತಾಳುವುದಿಲ್ಲ ಎಂದು ಗೊತ್ತಾಗಿ, ಒಡೆದು ಮತ್ತೆ ಕಟ್ಟಬೇಕಾಯಿತು. ಖರ್ಚೂ ಕಾಲವೂ ಜಾಸ್ತಿಯಾದವು.

ಹಾಗಂತ ಕಾದಿದ್ದರೆ? ಲೇಬರ್ 94ರಲ್ಲಿ 49 ಸ್ಥಾನ ಪಡೆದು ಕಷ್ಟದಲ್ಲಿ ಗೆದ್ದಿತು. ಸೋತಿದ್ದರೆ, ಕಾಗದದ ಮೇಲಷ್ಟೇ ಇದ್ದ ಯೋಜನೆಯನ್ನು ಮುಂದಿನವರು ಕಪಾಟಿಗೆ ಸೇರಿಸುವುದು ಸುಲಭವಿತ್ತು. ಅಗೆದ ನೆಲವನ್ನು ಮುಚ್ಚುವುದು ಅಷ್ಟು ಸುಲಭ ಅಲ್ಲ. ಕೇಹಿಲ್ ಲೆಕ್ಕ ಅದೇ ಇತ್ತು ಅಂತ ನಾನು ನಂಬಿದ್ದೇನೆ, ಆ ಲೆಕ್ಕ ಸರಿ ಅಂತಲೂ.

ಕೇಹಿಲ್ ಎಕ್ಸ್‌ಪ್ರೆಸ್‌ವೇ ಇವರ ಹೆಸರಿನದ್ದೇನಾ?

ಹೌದು. ಸರ್ಕ್ಯುಲರ್ ಕೀ ಮೇಲೆ ಹಾದು ಹೋಗುವ ಮೇಲುರಸ್ತೆ, ಮೊದಲ ಭಾಗ ತೆರೆದದ್ದು 1958ರಲ್ಲಿ. ಬಂದರಿಗೂ ಊರಿಗೂ ಮಧ್ಯೆ ಕಾಂಕ್ರೀಟ್ ಗೋಡೆ ಅಂತ ಬೈಯುವವರು ಬಹಳ. ಕೆಡವಬೇಕು ಎಂಬ ಕೂಗು ಆಗಾಗ ಏಳುತ್ತದೆ. ಬೈಗುಳ ನ್ಯಾಯವೇ.

ಅವರ ಕೊನೆ ಹೇಗಾಯಿತು? ಒಪೆರಾ ಹೌಸ್ ನೋಡಿದರಾ?

ನೋಡಲಿಲ್ಲ. 1959ರ ಅಕ್ಟೋಬರ್ 22ರಂದು ಹೃದಯಾಘಾತದಿಂದ ತೀರಿಕೊಂಡರು, ಸಂಸತ್ ಭವನದ ಪಕ್ಕದಲ್ಲೇ ಇರುವ ಸಿಡ್ನಿ ಆಸ್ಪತ್ರೆಯಲ್ಲಿ. ಒಪೆರಾ ಹೌಸನ್ನು ಕೈಬಿಡಬೇಡ ಎಂದು ಅವರು ತಮ್ಮಿಂದ ಮಾತು ತೆಗೆದುಕೊಂಡಿದ್ದರು ಅಂತ ಲೋಕೋಪಯೋಗಿ ಮಂತ್ರಿ ನಾರ್ಮ್ ರಯಾನ್ ಮುಂದೆ ಹೇಳಿಕೊಂಡಿದ್ದಾರೆ. ಕೇಹಿಲ್ ನಂತರ ರಾಬರ್ಟ್ ಹೆಫ್ರನ್ ಪ್ರೀಮಿಯರ್ ಆದರು. ಕುಕ್ಸ್ ರಿವರ್ ಉಪಚುನಾವಣೆಯಲ್ಲಿ ಮಗ ಟಾಮ್ ಕೇಹಿಲ್ ಗೆದ್ದರು. ಕಟ್ಟಡ ಮುಗಿದು ರಾಣಿ ಎಲಿಜಬೆತ್ ಉದ್ಘಾಟಿಸಿದ್ದು 1973ರ ಅಕ್ಟೋಬರ್ 20ರಂದು. ಅಷ್ಟರಲ್ಲಿ ಸರ್ಕಾರದ ಜೊತೆ ಮನಸ್ತಾಪವಾಗಿ ಉಟ್ಸನ್ ಕೂಡ 1966ರಲ್ಲೇ ದೇಶ ಬಿಟ್ಟು ಹೋಗಿದ್ದರು.

ಇವರಂಥ ಕಸುಬುದಾರರು ಬೇರೆ ಯಾರಾದರೂ ಪ್ರೀಮಿಯರ್ ಆಗಿದ್ದಾರಾ?

ಆಗಿದ್ದಾರೆ. ಕೇಹಿಲ್‌ಗೆ ಮಂತ್ರಿ ಪದವಿ ಕೊಟ್ಟ ಮೆಕೆಲ್ ಬಾಯ್ಲರ್ ಕೆಲಸ ಕಲಿತವರು, ಹುಟ್ಟಿದ್ದೂ ಅದೇ 1891ರಲ್ಲಿ. ಅವರು ಮುಂದೆ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆದರು.

ನನಗೆ ಬಹಳ ಇಷ್ಟದ ಕಥೆ ದಕ್ಷಿಣ ಆಸ್ಟ್ರೇಲಿಯಾದ ಟಾಮ್ ಪ್ರೈಸ್ ಅವರದ್ದು. ವೇಲ್ಸ್‌ನಲ್ಲಿ ಹುಟ್ಟಿದ ಕಲ್ಲುಕುಟಿಗ. ಅಡಿಲೇಡ್‌ಗೆ ಬಂದು ಅಲ್ಲಿನ ಸಂಸತ್ ಭವನಕ್ಕೆ ಕಲ್ಲು ಕೆತ್ತಿದರು. 1905ರಲ್ಲಿ ಅದೇ ಭವನದೊಳಗೆ ಪ್ರೀಮಿಯರ್ ಆಗಿ ಕೂತರು. ಅವರೂ ಅಧಿಕಾರದಲ್ಲಿದ್ದಾಗಲೇ, 1909ರಲ್ಲಿ, ತೀರಿಕೊಂಡರು.

ಈಗ ಇಂಥವರು ಕಡಿಮೆ. ಲೇಬರ್ ಪಕ್ಷದಲ್ಲೂ ವಕೀಲರು, ಮಂತ್ರಿಗಳ ಕಚೇರಿಯಲ್ಲಿ ಪಳಗಿದವರು, ಯೂನಿಯನ್ ಪದಾಧಿಕಾರಿಗಳೇ ಜಾಸ್ತಿ. ಸದನದಲ್ಲಿ ಕೂತವರಲ್ಲಿ ಕೆಲವರಾದರೂ ಕೈಯಲ್ಲಿ ಉಪಕರಣ ಹಿಡಿದವರಾಗಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸಿಡ್ನಿಗೆ ಹೋದರೆ ಇವರ ನೆನಪಿನ ಜಾಗಗಳು ಏನಾದರೂ ಇವೆಯಾ?

ರೆಡ್‌ಫರ್ನ್ ಸ್ಟೇಷನ್‌ನಲ್ಲಿ ಇಳಿದು ನಡೆದರೆ ಈವ್‌ಲಿ ಸಿಗುತ್ತದೆ. ಹಳಿಗಳ ಒಂದು ಬದಿಯ ಬೋಗಿ ಕಾರ್ಖಾನೆ 2007ರಿಂದ ಕ್ಯಾರೇಜ್‌ವರ್ಕ್ಸ್ ಎಂಬ ಕಲಾಕೇಂದ್ರ. ಇನ್ನೊಂದು ಬದಿಯ ಇಂಜಿನ್ ಕಾರ್ಖಾನೆಯಲ್ಲಿ ಈಗ ಕಚೇರಿಗಳು, ಅಂಗಡಿಗಳು. ಹಳೆಯ ಯಂತ್ರಗಳು ಕೆಲವನ್ನು ಹಾಗೇ ಉಳಿಸಿದ್ದಾರೆ. ಸಮಾಧಿ ಇರುವುದು ರೂಕ್‌ವುಡ್‌ನಲ್ಲಿ.

ಒಪೆರಾ ಹೌಸ್‌ಗೆ ಹೋದರೆ ದೊಡ್ಡ ಮೆಟ್ಟಿಲುಗಳ ಮೇಲೆ ಕಂಚಿನ ಫಲಕವೊಂದನ್ನು ಹುಡುಕಿ. 1959ರ ಮಾರ್ಚ್ 2ರಂದು ಮಳೆಯಲ್ಲಿ ಕೇಹಿಲ್ ಇಟ್ಟದ್ದು ಅದು. ಎರಡು ಸಭಾಂಗಣಗಳ ಮಧ್ಯರೇಖೆಗಳು ಕೂಡುವ ಬಿಂದು ಅದು. ಕಾಲ ಕೆಳಗೇ ಇರುವುದರಿಂದ ಸುಮ್ನೆ ದಾಟಿ ಹೋಗುವವರೇ ಹೆಚ್ಚು, ಸ್ವಲ್ಪ ನೋಡಿಕೊಂಡು ಹತ್ತಿ.